ಹರೆಯದವರಿಗೂ ಲಕ್ವವೇ?

ಶಿಕಾರಿಪುರಕ್ಕೆ ಅನತಿದೂರದಲ್ಲಿರುವ ಈಸೂರನ್ನು ಕನ್ನಡ ನಾಡು ಬಲ್ಲುದು 1942ರ ಚಳವಳಿಯಿಂದ. ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡು, ಮರುವರ್ಷದ ಮಾರ್ಚಿ ತಿಂಗಳಿನಲ್ಲಿ ತನ್ನ ಐವರನ್ನು ನೇಣುಗಂಬಕ್ಕೆ ಒಪ್ಪಿಸಿದ ಊರು ಅದು. ಆ ಊರಿನ ಯಾವುದಾದರೊಂದು ಮನೆಯ ಜಗುಲಿಯ ಮೇಲೆ ಕುಳಿತು ನಾವು ಇಂದು ಲಕ್ವದ ಮಾತೆತ್ತಿದೆವೆಂದು ಭಾವಿಸೋಣ. ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ: ಎಪ್ಪತ್ತು ದಾಟಿದ ಯಜಮಾನರು, ಹಲವು ವರ್ಷಗಳ ಬೀಪಿ, ಸಕ್ಕರೆ ಕಾಯಿಲೆ, ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲಾರದೆ ವಾರೆಯಾದ ಬಾಯಿ, ಸ್ವಾಧೀನ ತಪ್ಪಿದ ಒಂದು ಪಕ್ಕ. ಈ ಚಿತ್ರ ಸುಳ್ಳಲ್ಲ. ಪಾರ್ಶ್ವವಾಯುವಿಗೆ ತುತ್ತಾಗುವವರಲ್ಲಿ ಬಹುಪಾಲು ಜನ ವೃದ್ಧರೇ ಹೌದು. ಆದರೆ ನೂರು ಮಂದಿ ರೋಗಿಗಳಲ್ಲಿ ಹತ್ತರಿಂದ ಹದಿನೈದು ಮಂದಿ ಐವತ್ತು ದಾಟದವರು. ಅವರಿಗೆ ಬಡಿದ ರೋಗ ಇದೇ ಎಂದು ಮನೆಯವರಿಗೂ, ಕೆಲವೊಮ್ಮೆ ವೈದ್ಯರಿಗೂ ಹೊಳೆಯದೆ ಹೋಗುವುದು ಈ ಚಿತ್ರದ ದೆಸೆಯಿಂದಲೇ. ಇಪ್ಪತ್ತೈದರ ಹುಡುಗನ ನಾಲಗೆ ತೊದಲಿದರೆ ಕುಡಿದಿದ್ದಾನೆಂದು ತಿಳಿಯುತ್ತೇವೆ. ತಲೆ ತಿರುಗಿ ಬಿದ್ದರೆ ಪಿತ್ತ ನೆತ್ತಿಗೇರಿತೆನ್ನುತ್ತೇವೆ. ಹರೆಯದ ಹೆಣ್ಣುಮಗಳು ಅಸಂಬದ್ಧವಾಗಿ ಮಾತನಾಡಿದರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವುದಕ್ಕೆ ಹೊರಡುತ್ತೇವೆ. ಹೆಸರು ತಪ್ಪಿದ ರೋಗ ದಾರಿ ತಪ್ಪಿಸುತ್ತದೆ. ಆ ತಪ್ಪುದಾರಿಯಲ್ಲಿ ಕಳೆದ ಗಂಟೆಗಳು ಮರಳಿ ದೊರೆಯುವುವಲ್ಲ.

ಶರೀರದ ತೂಕದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ ಇರುವ ಮಿದುಳು, ನಾವು ಉಸಿರಾಡುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ತಾನೇ ಬಳಸಿಕೊಳ್ಳುತ್ತದೆ. ಸಂಗ್ರಹವೆಂಬುದು ಅದಕ್ಕೆ ಇಲ್ಲವೇ ಇಲ್ಲ. ಆದುದರಿಂದ ಅಲ್ಲಿಗೆ ರಕ್ತವನ್ನೊಯ್ಯುವ ಒಂದು ದೊಡ್ಡ ಧಮನಿ ಮುಚ್ಚಿತೆಂದರೆ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ನಶಿಸುವುವೆಂದು ಲೆಕ್ಕ ಹಾಕಿದ್ದಾರೆ. ವೃದ್ಧರಲ್ಲಿ ಧಮನಿ ಮುಚ್ಚುವುದು ಸವೆತದಿಂದ. ವರ್ಷಗಟ್ಟಲೆ ಒಳಗೋಡೆಗೆ ಮೆತ್ತಿಕೊಂಡ ಕೊಬ್ಬು, ಏರಿದ ರಕ್ತದೊತ್ತಡ, ಹೊಗೆಸೊಪ್ಪು ಇವೇ ಅದಕ್ಕೆ ಕಾರಣ. ಹರೆಯದವನ ರಕ್ತನಾಳಕ್ಕೆ ಸವೆಯಲು ಕಾಲವೇ ಸಿಕ್ಕಿರುವುದಿಲ್ಲ. ಆದ್ದರಿಂದ ಅವನಲ್ಲಿ ಬೇರೆ ಏನೋ ಒಂದು ನಡೆದಿರಬೇಕು: ನಾಳ ಸೀಳಿರಬೇಕು, ಇಲ್ಲವೆ ಹೃದಯದಿಂದ ಹೆಪ್ಪು ಹಾರಿಬಂದಿರಬೇಕು, ಇಲ್ಲವೆ ರಕ್ತವೇ ಅಕಾಲದಲ್ಲಿ ಹೆಪ್ಪುಗಟ್ಟುವ ಸ್ವಭಾವದ್ದಾಗಿರಬೇಕು, ಇಲ್ಲವೆ ಹುಟ್ಟಿನಿಂದಲೇ ಬಂದ ಒಂದು ಕೊರತೆ ಮೆಲ್ಲಗೆ ತನ್ನ ಕೆಲಸ ಮಾಡುತ್ತಿರಬೇಕು. ಈ ಕಾರಣಗಳನ್ನು ಒಂದೊಂದಾಗಿ ನೋಡಿದರೆ ಅಪರೂಪ. ಎಲ್ಲವನ್ನೂ ಕೂಡಿಸಿದರೆ ಅಷ್ಟು ಅಪರೂಪವಲ್ಲ. ನನಗೆ ಬಹು ಮುಖ್ಯವೆಂದು ತೋರಿರುವ ಸಂಗತಿ ಇನ್ನೊಂದಿದೆ: ಇವುಗಳಲ್ಲಿ ಹೆಚ್ಚಿನವು ಮಿದುಳನ್ನು ಮುಟ್ಟುವುದಕ್ಕೆ ಮುಂಚೆಯೇ ತಮ್ಮ ಗುರುತನ್ನು ಮನೆಯವರ ಕಣ್ಣಿಗೋ ಕಿವಿಗೋ ಒಪ್ಪಿಸಿ ಹೋಗಿರುತ್ತವೆ.

ನಮ್ಮ ನಾಡಿನ ಮಟ್ಟಿಗೆ ಈ ಮಾತಿಗೆ ಬಾಣಂತಿಯ ಕೋಣೆಗಿಂತ ದೊಡ್ಡ ನಿದರ್ಶನ ಬೇರೆ ಬೇಡ. ಹೆರಿಗೆಯಾಗಿ ಹತ್ತು ಹನ್ನೆರಡು ದಿನವಾದ ಹೆಣ್ಣುಮಗಳು ತವರುಮನೆಯ ಕತ್ತಲುಕೋಣೆಯಲ್ಲಿದ್ದಾಳೆ. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಮಂಚದ ಕೆಳಗೆ ಕೆಂಡ, ಎಣ್ಣೆನೀರಿನ ಬಳಿಕ ಬೆವರು ಇಳಿಯುವಂತೆ ಹೊದಿಕೆ. ಕುಡಿಯುವ ನೀರಿಗೆ ಮಾತ್ರ ಕಟ್ಟು. ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ಅಜ್ಜಿಯ ಕಟ್ಟಳೆ. ಅವಳು ತಲೆ ನೋಯುತ್ತದೆಂದು ಹೇಳಿ ಮೂರು ದಿನವಾಯಿತು. ನಾಲ್ಕನೆಯ ದಿನ ವಾಂತಿ. ಐದನೆಯ ದಿನ ಕಣ್ಣು ಮಂಜಾಯಿತೆಂದಳು, ಸಂಜೆಗೆ ಕೂಸಿನ ಗುರುತೇ ಹತ್ತದವಳಂತೆ ಏನೇನೋ ಮಾತನಾಡಿದಳು, ರಾತ್ರಿ ಕೈಕಾಲು ಸೆಟೆದು ಫಿಟ್ಸ್ ಬಂದಿತು. ಮನೆಯಲ್ಲಿ ಇದಕ್ಕೆ ತಲೆಮಾರುಗಳಿಂದ ಬಂದ ಹೆಸರು ಬಾಣಂತಿ ಸನ್ನಿ.

ಈ ಹೆಸರಿನ ಅಡಿಯಲ್ಲಿ ಒಂದಲ್ಲ, ಮೂರು ನಾಲ್ಕು ರೋಗಗಳು ಅಡಗಿವೆಯೆಂಬುದನ್ನು ಓದುಗರು ಗಮನಿಸಬೇಕು. ಹೆರಿಗೆಯ ಬಳಿಕ ಬರುವ ನಿಜವಾದ ಚಿತ್ತವಿಕಾರ ಅದರಲ್ಲಿ ಒಂದು. ರಕ್ತದೊತ್ತಡ ಏರಿ ಬರುವ ಗರ್ಭಿಣಿ ಬಾಣಂತಿಯರ ನಂಜು ಮತ್ತೊಂದು. ಗರ್ಭಾಶಯದ ಸೋಂಕಿನ ಜ್ವರ ಇನ್ನೊಂದು. ನಾಲ್ಕನೆಯದು, ಮೇಲೆ ವರ್ಣಿಸಿದ ಹೆಣ್ಣುಮಗಳದು, ಮಿದುಳಿನ ಸಿರೆಗಳು ಹೆಪ್ಪುಗಟ್ಟುವ ರೋಗ. ನಮ್ಮ ದೇಶದ ತರುಣಿಯರಲ್ಲಿ ಪಾರ್ಶ್ವವಾಯುವಿಗೆ ಇದೊಂದು ಪ್ರಮುಖ ಕಾರಣವೆಂಬುದು ನರವೈದ್ಯರೆಲ್ಲರೂ ಬಲ್ಲ ಸಂಗತಿ.

ಅಡಕೆ ತೋಟವಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಯ ತೂಬು ಮುಚ್ಚಿದರೆ ತೋಟ ಒಣಗುತ್ತದೆ. ಬಸಿಗಾಲುವೆ ಮುಚ್ಚಿದರೆ ಅದೇ ತೋಟ ನೀರು ನಿಂತು ಬೇರು ಕೊಳೆತು ಸಾಯುತ್ತದೆ. ಧಮನಿ ಮುಚ್ಚಿ ಬರುವ ಸಾಮಾನ್ಯ ಲಕ್ವ ಮೊದಲನೆಯ ಬಗೆಯದು. ಆದರೆ ಮಿದುಳಿನಲ್ಲಿ ದುಡಿದು ದಣಿದ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಬಸಿಗಾಲುವೆಗಳೂ ಉಂಟು. ಅವುಗಳಲ್ಲಿ ಹಿರಿದಾದುದು ತಲೆಯೋಡಿನ ಒಳಮೈಗೆ ಅಂಟಿ, ಹೆಂಗಸರು ನಡುಬೈತಲೆ ತೆಗೆಯುವ ರೇಖೆಯ ಕೆಳಗೆ, ಮುಂದಿನಿಂದ ಹಿಂದಕ್ಕೆ ಹರಿಯುತ್ತದೆ. ಅದರಲ್ಲಿ ಹೆಪ್ಪು ಕಟ್ಟಿದರೆ ಹಿಂದಿನ ಒತ್ತಡ ಮೆಲ್ಲಮೆಲ್ಲನೆ ಏರುತ್ತದೆ. ತಲೆನೋವು ಗಳಿಗೆಯಲ್ಲಿ ಸಿಡಿಯದೆ ದಿನದಿನಕ್ಕೆ ಬಲಿಯುವುದು, ಮಲಗಿದಾಗ ಕೆಮ್ಮಿದಾಗ ಹೆಚ್ಚುವುದು, ಕಣ್ಣಿನ ನರ ಊದಿ ದೃಷ್ಟಿ ಮಸುಕಾಗುವುದು, ಕೊನೆಗೆ ಸಣ್ಣ ಸಿರೆಗಳು ಒಡೆದು ಫಿಟ್ಸ್ ಬರುವುದು, ಕೈಯೋ ಕಾಲೋ ಸೋಲುವುದು, ಇವೆಲ್ಲವೂ ಈ ಒತ್ತಡದ ಪರಿಣಾಮಗಳೇ. ಸಿಸೇರಿಯನ್ ಆದವಳಿಗೆ ಬೆನ್ನಿಗೆ ಕೊಟ್ಟ ಸೂಜಿಯಿಂದಲೂ ತಲೆನೋವು ಬರುವುದುಂಟು. ಆದರೆ ಅದು ಸಾಮಾನ್ಯವಾಗಿ ಎದ್ದು ಕುಳಿತರೆ ಹೆಚ್ಚಿ, ಮಲಗಿದರೆ ತಗ್ಗುತ್ತದೆ. ಈ ಒಂದು ವ್ಯತ್ಯಾಸವನ್ನು ಗಮನಿಸಿ ಹೇಳಬಲ್ಲ ತಾಯಿಯೋ ಅತ್ತಿಗೆಯೋ ಕೋಣೆಯಲ್ಲಿದ್ದರೆ ವೈದ್ಯನಿಗೆ ಅರ್ಧ ದಾರಿ ಸವೆದಂತಾಯಿತು.

ಬಾಣಂತಿಗೇ ಇದು ಏಕೆ ಎಂದರೆ, ಹೆರಿಗೆಯಲ್ಲಿ ರಕ್ತ ಹರಿದುಹೋಗಿ ತಾಯಿ ಸಾಯಬಾರದೆಂದು ಪ್ರಕೃತಿ ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಶಕ್ತಿಯನ್ನು ಹೆಚ್ಚಿಸಿಕೊಟ್ಟಿರುತ್ತದೆ. ಆ ರಕ್ಷೆ ಹೆರಿಗೆಯಾದ ಕೆಲವು ವಾರಗಳ ತನಕ ಇಳಿಯುವುದಿಲ್ಲ. ಅದರ ಮೇಲೆ ರಕ್ತಹೀನತೆ, ಸೋಂಕು, ಬೆವರಿಳಿಸುವ ಸೆಕೆ, ನೀರಿನ ಕಟ್ಟು ಇವು ಕೂಡಿದರೆ ರಕ್ತ ಮಂದವಾಗುತ್ತದೆ, ಹರಿವು ಕುಗ್ಗುತ್ತದೆ. ಬಾಣಂತನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದಣಿದ ತಾಯಿಗೆ ವಿಶ್ರಾಂತಿಯನ್ನೂ ಬಿಸಿಯೂಟವನ್ನೂ ಹಿರಿಯರ ಕಾವಲನ್ನೂ ಕೊಟ್ಟ ಆ ಪದ್ಧತಿಯಲ್ಲಿ ದೊಡ್ಡ ಕರುಣೆ ಇದೆ. ನೀರಿನ ಕಟ್ಟೊಂದನ್ನು ಮಾತ್ರ ನಾವು ಕೈಬಿಡಬೇಕಾಗಿದೆ.

ಮಿದುಳಿನ ಸಿರೆ ಹೆಪ್ಪುಗಟ್ಟಿದುದನ್ನು ಫ್ರಾನ್ಸಿನ ರೀಬ್ 1825ರಲ್ಲಿ ಮೊದಲು ವರ್ಣಿಸಿದನು. ಮೂರು ವರ್ಷಗಳ ಬಳಿಕ ಸ್ಕಾಟ್ಲೆಂಡಿನ ಅಬರ್‌ಕ್ರಾಂಬಿ, ಹೆರಿಗೆಯ ಅನಂತರ ಹೀಗೆಯೇ ತೀರಿಕೊಂಡ ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳೊಬ್ಬಳ ವಿಚಾರ ಬರೆದನು. ಆ ಕಾಲದಲ್ಲಿ ರೋಗ ತಿಳಿಯುತ್ತಿದ್ದುದು ಸತ್ತ ಮೇಲೆ. ಚಿಕಿತ್ಸೆಯ ವಿಷಯದಲ್ಲಿಯೂ ವೈದ್ಯರು ಬಹುಕಾಲ ಧರ್ಮಸಂಕಟದಲ್ಲಿದ್ದರು: ಮಿದುಳಿನೊಳಗೆ ರಕ್ತ ಒಸರಿರುವಾಗ, ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಟ್ಟರೆ ಒಸರುವುದು ಇನ್ನೂ ಹೆಚ್ಚೀತಲ್ಲವೆ? 1991ರಲ್ಲಿ ಜರ್ಮನಿಯ ಐನ್‌ಹಾಯ್ಪ್ಲ್ ಮತ್ತು ಸಂಗಡಿಗರು ಕೇವಲ 20 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ ಈ ಭಯವನ್ನು ಬಹುಮಟ್ಟಿಗೆ ನೀಗಿತು. ಬಸಿಗಾಲುವೆ ತೆರೆದರೆ ಒಸರುವುದೂ ನಿಲ್ಲುತ್ತದೆ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಡಿ. ನಾಗರಾಜ ಅವರೂ ಸಹೋದ್ಯೋಗಿಗಳೂ ಬಾಣಂತಿಯರ ಈ ರೋಗವನ್ನೇ ವಿಶೇಷವಾಗಿ ಅಭ್ಯಸಿಸಿ, ಅಲ್ಪಪ್ರಮಾಣದ ಹೆಪಾರಿನ್ ಅವರಿಗೆ ಹಿತಕರವೆಂದು 1999ರಲ್ಲಿ ಪ್ರಕಟಿಸಿದರು. ಕಾಲಕ್ಕೆ ಚಿಕಿತ್ಸೆ ದೊರೆತರೆ ಈ ರೋಗ ಎಷ್ಟು ಒಲಿಯುತ್ತದೆಂಬುದಕ್ಕೆ, ಹಲವು ದೇಶಗಳ 624 ರೋಗಿಗಳನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೇ ಸಾಕ್ಷಿ: ಐವರಲ್ಲಿ ನಾಲ್ವರು ಸಂಪೂರ್ಣವಾಗಿ, ಇಲ್ಲವೆ ಸಂಪೂರ್ಣವೆನ್ನುವಷ್ಟು ಗುಣಹೊಂದಿದರು. ವೃದ್ಧರ ಲಕ್ವದಲ್ಲಿ ಇಂತಹ ಭರವಸೆಯನ್ನು ಯಾರೂ ಕೊಡಲಾರರು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಸಾದಾ ಸಿ.ಟಿ. ಸ್ಕ್ಯಾನಿನಲ್ಲಿ ಈ ಹೆಪ್ಪು ಹಲವು ಸಲ ಕಾಣಿಸುವುದಿಲ್ಲ. ಸಿರೆಗಳನ್ನೇ ತೋರಿಸುವ ಬೇರೆ ಚಿತ್ರಣ ಬೇಕಾಗುತ್ತದೆ. ಸ್ಕ್ಯಾನು ಸರಿಯಿದೆಯೆಂದು ಮನೆಗೆ ಬಂದ ಬಾಣಂತಿಯ ತಲೆನೋವು ಬಲಿಯುತ್ತಲೇ ಇದ್ದರೆ ಮತ್ತೆ ಹೋಗಿ ಕೇಳುವುದರಲ್ಲಿ ಸಂಕೋಚ ಕೂಡದು.

ಇದೇ ರೋಗ ಬಾಣಂತಿಯಲ್ಲದವಳಿಗೂ ಬರುವ ಒಂದು ದಾರಿ ಉಂಟು. ಮನೆಯಲ್ಲಿ ಮದುವೆ, ಊರಿನಲ್ಲಿ ಜಾತ್ರೆ, ದೇವರ ಕಾರ್ಯ ಬಂದಾಗ ಮುಟ್ಟನ್ನು ಮುಂದೂಡಲೆಂದು ಅಂಗಡಿಯಿಂದ ತರಿಸಿ ನುಂಗುವ ಹಾರ್ಮೋನು ಮಾತ್ರೆಗಳು, ಅದರಲ್ಲಿಯೂ ಈಸ್ಟ್ರೋಜನ್ ಉಳ್ಳವು, ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತವೆ. ಅವುಗಳನ್ನು ಔಷಧಿಯೆಂದು ಯಾರೂ ಎಣಿಸದಿರುವುದರಿಂದ, ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಾ ಎಂದು ವೈದ್ಯರು ಕೇಳಿದಾಗ ಇಲ್ಲವೆಂಬ ಉತ್ತರ ಬರುತ್ತದೆ. ಗಂಡಸರ ಎದುರಿಗೆ ಕೇಳಿದರಂತೂ ಬಂದೇ ಬರುತ್ತದೆ.

ಮತ್ತೆ ಮತ್ತೆ ಗರ್ಭ ಇಳಿದುಹೋಗುತ್ತದೆಂದು ನೆರೆಹೊರೆಯ ಕೊಂಕನ್ನು ಸಹಿಸಿಕೊಂಡ ಹೆಣ್ಣುಮಗಳ ವಿಚಾರವೂ ಇದಕ್ಕೆ ಹತ್ತಿರದ್ದು. ಲಂಡನ್ನಿನ ಗ್ರಹಾಂ ಹ್ಯೂಸ್ 1983ರಲ್ಲಿ ಗುರುತಿಸಿದ ರೋಗವೊಂದರಲ್ಲಿ ಶರೀರ ತನ್ನದೇ ಅಂಶಗಳ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿಕೊಂಡು, ರಕ್ತ ಎಲ್ಲೆಂದರಲ್ಲಿ ಹೆಪ್ಪುಗಟ್ಟುವಂತೆ ಮಾಡುತ್ತದೆ. ಗರ್ಭಚೀಲದ ಮಾಸಿನಲ್ಲಿ ಕಟ್ಟಿದರೆ ಗರ್ಭಪಾತ. ಕಾಲಿನಲ್ಲಿ ಕಟ್ಟಿದರೆ ಬಾವು. ಮಿದುಳಿನಲ್ಲಿ ಕಟ್ಟಿದರೆ ಪಾರ್ಶ್ವವಾಯು. ಅವಳು ಕಳೆದುಕೊಂಡ ಮೂರು ಗರ್ಭಗಳಿಗೂ ಇಂದು ಸೋತ ಬಲಗೈಗೂ ಕಾರಣ ಒಂದೇ ಆಗಿರಬಹುದೆಂಬುದು, ಆ ಮೂರು ಗರ್ಭಗಳ ಕಥೆಯನ್ನು ಯಾರಾದರೂ ಹೇಳದ ಹೊರತು, ಯಾವ ಯಂತ್ರಕ್ಕೂ ತಿಳಿಯದು.

ಗಂಡಸರ ಕಡೆಗೆ ತಿರುಗಿದರೆ ಕ್ಷೌರದಂಗಡಿಯ ನೆನಪಾಗುತ್ತದೆ. ಕೂದಲು ಕತ್ತರಿಸಿಯಾದ ಮೇಲೆ ತಲೆಗೆ ತಟ್ಟಿ, ಗದ್ದ ಹಿಡಿದು, ಕುತ್ತಿಗೆಯನ್ನು ಥಟ್ಟನೆ ಒಂದು ಪಕ್ಕಕ್ಕೆ ತಿರುಗಿಸಿ ನೆಟಿಗೆ ಮುರಿಯುವುದು ಬಹು ಜನರಿಗೆ ಪ್ರಿಯವಾದ ಸೇವೆ. ಕುತ್ತಿಗೆಯ ಧಮನಿಗಳಲ್ಲಿ ಎರಡು, ಕಶೇರುಗಳ ಪಕ್ಕದ ತೂತುಗಳೊಳಗೆ ನುಸುಳಿ ಮಿದುಳಿಗೆ ಏರುತ್ತವೆ. ಹಠಾತ್ತಾದ ತಿರುವಿನಲ್ಲಿ ಅವುಗಳ ಒಳಪದರ ಸೀಳಿ, ಸೀಳಿನೊಳಗೆ ರಕ್ತ ನುಗ್ಗಿ, ಗೋಡೆ ಒಳಮುಖವಾಗಿ ಉಬ್ಬಿ ದಾರಿಯನ್ನು ಮುಚ್ಚಬಹುದು, ಇಲ್ಲವೆ ಅಲ್ಲಿ ಕಟ್ಟಿದ ಹೆಪ್ಪಿನ ಚೂರು ಮೇಲಕ್ಕೆ ಹಾರಬಹುದು. ಇಂತಹ ಸೀಳು ಬೈಕಿನಿಂದ ಬಿದ್ದಾಗಲೂ ಆದೀತು, ಬಲವಾಗಿ ಕೆಮ್ಮಿದಾಗಲೂ ಆದೀತು, ಏನೂ ಕಾರಣವಿಲ್ಲದೆಯೂ ಆದೀತು. ಹರೆಯದವರ ಲಕ್ವದ ಕಾರಣಗಳಲ್ಲಿ ಇದು ಮುಂಚೂಣಿಯಲ್ಲಿದೆ. ಕುತ್ತಿಗೆಯ ಒಂದೇ ಪಕ್ಕದಲ್ಲಿ ಹಿಂದೆಂದೂ ಕಾಣದಂತಹ ನೋವು ಮೊದಲು. ತಲೆಸುತ್ತು, ತೊದಲು, ಕೈಸೋಲು ಬರುವುದು ಕೆಲವು ಗಂಟೆಗಳ, ಕೆಲವೊಮ್ಮೆ ಕೆಲವು ದಿನಗಳ ಬಳಿಕ. ಮುಂಗುತ್ತಿಗೆಯ ಧಮನಿ ಸೀಳಿದರೆ ಅದೇ ಪಕ್ಕದ ಕಣ್ಣಿನ ರೆಪ್ಪೆ ತುಸು ಜೋತು, ಪಾಪೆ ಕಿರಿದಾಗುವುದುಂಟು; ಕನ್ನಡಿಯಲ್ಲಿ ನೋಡಿಕೊಂಡವನಿಗಿಂತ ಎದುರಿಗೆ ಕುಳಿತ ಹೆಂಡತಿಗೆ ಇದು ಬೇಗ ಕಾಣುತ್ತದೆ. ನೋವಿಗೂ ಲಕ್ವಕ್ಕೂ ನಡುವಿನ ಆ ಬಿಡುವು ರೋಗಿಗೆ ದೊರೆತ ವರವೆಂದೇ ನಾನು ತಿಳಿಯುತ್ತೇನೆ.

ಗದ್ದೆಯ ಕೆಲಸದವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕದಡುತ್ತದೆ; ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದೆ ಒಸರುತ್ತದೆ, ಅಪರೂಪಕ್ಕೆ ಮಿದುಳಿನ ನಾಳಗಳಲ್ಲಿ ಹೆಪ್ಪು ಕಟ್ಟಿ ಲಕ್ವ ಬಡಿಯುತ್ತದೆ. ನಾಗರಹಾವು, ಕಟ್ಟುಹಾವುಗಳ ವಿಷದಿಂದ ಎರಡೂ ರೆಪ್ಪೆಗಳು ಜೋಲುತ್ತವೆ, ಉಸಿರು ಕುಗ್ಗುತ್ತದೆ. ಒಂದೇ ಪಕ್ಕದ ಕೈಕಾಲು ಸೋತರೆ ಅದು ಬೇರೆಯೇ ಸಂಗತಿ ಎಂದು ವೈದ್ಯರಿಗೆ ಒತ್ತಿ ಹೇಳಬೇಕು.

ಹೃದಯದಿಂದ ಹಾರಿಬರುವ ಹೆಪ್ಪಿನ ಕಥೆ ದೊಡ್ಡದು. ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಬಾಲ್ಯದಲ್ಲಿ ಗಂಟಲುನೋವು ಬಂದು, ಬಳಿಕ ಕೀಲುಕೀಲೂ ಬಾತು ಜ್ವರ ಬಂದ ಮಗು, ಗುಣವಾದಂತೆ ಕಂಡರೂ, ಹೃದಯದ ಕವಾಟಕ್ಕೆ ಪೆಟ್ಟು ತಿಂದಿರಬಹುದು. ಇಪ್ಪತ್ತು ವರ್ಷಗಳ ಅನಂತರ ಕಿರಿದಾದ ಆ ಕವಾಟದ ಹಿಂದೆ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರುತ್ತದೆ. ಶ್ರೀಮಂತ ದೇಶಗಳಲ್ಲಿ ಇದು ಅಪರೂಪವಾಗಿದೆ, ನಮ್ಮಲ್ಲಿ ಇನ್ನೂ ಆಗಿಲ್ಲ. ಮತ್ತೊಂದು ಬಗೆ ವಿಚಿತ್ರವಾದುದು. ಹುಟ್ಟುವ ಮೊದಲು ಹೃದಯದ ಬಲ ಎಡ ಕೋಣೆಗಳ ನಡುವೆ ಇದ್ದ ಕಿಂಡಿ ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಕಾಲಿನ ಸಿರೆಯಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಬದಲು ಆ ಕಿಂಡಿಯಲ್ಲಿ ನುಸುಳಿ ಮಿದುಳಿಗೆ ಏರಬಲ್ಲುದು. ಜರ್ಮನಿಯ ಕೋನ್‌ಹೈಮ್ ಇದನ್ನು 1877ರಲ್ಲಿಯೇ ಕಂಡುಕೊಂಡಿದ್ದನು. ಆದರೆ ಕಿಂಡಿಯುಳ್ಳವರಲ್ಲಿ ಬಹುತೇಕ ಎಲ್ಲರೂ ಯಾವ ತೊಂದರೆಯೂ ಇಲ್ಲದೆ ಬಾಳುತ್ತಾರೆಂಬುದನ್ನು ಮರೆತು ಯಾರೂ ಗಾಬರಿಯಾಗಬೇಕಾಗಿಲ್ಲ.

ಇನ್ನು ಕೆಲವು ರೋಗಗಳ ಹೆಸರನ್ನು ಗುರುತಿಗಾಗಿ ಹೇಳಿ ಮುಂದುವರಿಯುತ್ತೇನೆ. ಜಪಾನಿನ ನೇತ್ರವೈದ್ಯ ತಕಯಾಸು 1908ರಲ್ಲಿ ವರ್ಣಿಸಿದ ರೋಗದಲ್ಲಿ ಮಹಾಧಮನಿಯ ಕವಲುಗಳು ಉರಿಯೂತದಿಂದ ಕಿರಿದಾಗಿ ಕೈಯ ನಾಡಿಯೇ ಕಾಣೆಯಾಗುತ್ತದೆ; ತರುಣಿಯ ಒಂದು ಕೈಯಲ್ಲಿ ಬೀಪಿ ಸಿಕ್ಕದಿದ್ದರೆ ಉಪಕರಣ ಕೆಟ್ಟಿದೆಯೆಂದು ಬದಿಗಿಡುವ ಮೊದಲು ಇದನ್ನು ನೆನೆಯಬೇಕು. ಫ್ಯಾಬ್ರಿ ರೋಗ 1898ರಿಂದ ತಿಳಿದದ್ದು. ಅದರಲ್ಲಿ ಹುಡುಗ ಎಳವೆಯಿಂದಲೇ ಅಂಗೈ ಅಂಗಾಲು ಉರಿಯೆನ್ನುತ್ತಾನೆ, ಬಿಸಿಲಿನಲ್ಲಿ ಬೆವರುವುದಿಲ್ಲ. ಶಾಲೆ ತಪ್ಪಿಸಲು ನೆಪವೆಂದು ಗದರಿಸಿಕೊಂಡ ಆ ಉರಿಯೇ ಮುಂದೆ ಬರುವ ಪಾರ್ಶ್ವವಾಯುವಿನ ಮುನ್ಸೂಚನೆ. ಹೋಮೋಸಿಸ್ಟಿನ್ಯೂರಿಯ ಎಂಬುದು ತಂದೆ ತಾಯಿ ಇಬ್ಬರಿಂದಲೂ ಕೊರತೆಯ ಜೀನು ಬಂದಾಗ ಕಾಣಿಸುವ ರೋಗ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ. ನೀಳವಾದ ಮೈ, ಉದ್ದನೆಯ ಬೆರಳು, ಎಳೆಯ ವಯಸ್ಸಿಗೇ ಜಾರಿದ ಕಣ್ಣಿನ ಮಸೂರ ಅದರ ಲಕ್ಷಣಗಳು. ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬಿ6 ಜೀವಸತ್ತ್ವದಂತಹ ಅಗ್ಗದ ಮದ್ದಿನಿಂದಲೇ ಉಪಕಾರವಾಗುತ್ತದೆಂಬುದನ್ನು ನೆನೆದಾಗ, ಗುರುತಿಸದೆ ಬಿಟ್ಟ ಒಬ್ಬೊಬ್ಬ ರೋಗಿಯ ವಿಷಯದಲ್ಲಿಯೂ ಮನಸ್ಸು ನೋಯುತ್ತದೆ.

ಇಷ್ಟು ವಿರಳವಾದ ರೋಗಗಳನ್ನು ಹಳ್ಳಿಯವರು ಗುರುತಿಸುವುದೆಂತು ಎಂದು ಕೇಳುವವರಿಗೆ ನಾನು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡನ್ನು ತೋರಿಸುತ್ತೇನೆ. 1957ರಲ್ಲಿ ಜಗತ್ತಿನ ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲದ ಒಂದು ಜ್ವರ ಅಲ್ಲಿ ತಲೆದೋರಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಮೊದಲು ಹಳದಿ ಜ್ವರವಿರಬಹುದೆಂದು ಶಂಕಿಸಿ, ಕೊನೆಗೆ ಉಣ್ಣಿಗಳಿಂದ ಹರಡುವ ಹೊಸದೊಂದು ವೈರಸ್ಸನ್ನು ಪತ್ತೆಹಚ್ಚಿದರು. ಆದರೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದಕ್ಕೂ ಮನುಷ್ಯರು ಜ್ವರದಿಂದ ಮಲಗುವುದಕ್ಕೂ ನಂಟು ಕಂಡು ಅದಕ್ಕೆ ಮಂಗನ ಕಾಯಿಲೆಯೆಂದು ಹೆಸರಿಟ್ಟವರು ಊರಿನ ಜನ. ಆ ಮಾತಿಗೆ ವಿಜ್ಞಾನಿಗಳು ಕಿವಿಗೊಟ್ಟುದರಿಂದ ದಾರಿ ಹತ್ತಿರವಾಯಿತು. ಇದೇ ಸೀಮೆಯ ಬಳ್ಳಿಗಾವಿಯ ಕೋಡಿಯಮಠವನ್ನು, 1162ರ ಶಾಸನ, ವಿದ್ಯೆಗೂ ಅನ್ನಕ್ಕೂ ಮಾತ್ರವಲ್ಲದೆ ಅನಾಥ ರೋಗಿಗಳ ಚಿಕಿತ್ಸೆಗೂ ಆಶ್ರಯವಾದ ಸ್ಥಳವೆಂದು ವರ್ಣಿಸುತ್ತದೆ. ರೋಗಿಯ ಮಾತನ್ನು ಕೇಳುವ ಸಂಪ್ರದಾಯ ಈ ನೆಲಕ್ಕೆ ಹೊಸದಲ್ಲ.

ಆದುದರಿಂದ ಮನೆಯವರು ಮಾಡತಕ್ಕ ಕೆಲಸ ಇಷ್ಟು. ವಯಸ್ಸು ಎಷ್ಟೇ ಇರಲಿ, ಬಾಯಿ ವಾರೆಯಾದರೆ, ಒಂದು ಕೈ ಎತ್ತಲಾರದಾದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಬಾಯಿಗೆ ಕಷಾಯವನ್ನಾಗಲಿ ನೀರನ್ನಾಗಲಿ ಹಾಕಕೂಡದು. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಧಮನಿಯ ಹೆಪ್ಪನ್ನು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿ ಇರುವುದರಿಂದ, ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ತಾಯಿತಕ್ಕೂ ನಾಟಿಮದ್ದಿಗೂ ಅಲೆಯದಿದ್ದರೆ ಆ ಅವಧಿ ಸಾಲುತ್ತದೆ. ದಾರಿಯಲ್ಲಿ ಹೋಗುತ್ತ, ಇಳಿದುಹೋದ ಗರ್ಭಗಳು, ನುಂಗಿದ ಮಾತ್ರೆಗಳು, ಕುತ್ತಿಗೆಯ ನೋವು, ಬಾಲ್ಯದ ಕೀಲುಬಾವು, ಅದೇ ವಯಸ್ಸಿಗೆ ತೀರಿಕೊಂಡ ಚಿಕ್ಕಪ್ಪ, ಇವುಗಳಲ್ಲಿ ಯಾವುದಿದ್ದರೂ ನೆನಪು ಮಾಡಿಕೊಂಡು ವೈದ್ಯರು ಕೇಳದಿದ್ದರೂ ಹೇಳಬೇಕು.

ಈಸೂರಿನಲ್ಲಾಗಲಿ ಇನ್ನಾವ ಊರಿನಲ್ಲಾಗಲಿ ಬಾಣಂತಿಯ ಕೋಣೆಯ ಒಡತಿಯಾದ ಅಜ್ಜಿಯೊಡನೆ ನನ್ನದೊಂದು ಬೇಡಿಕೆ: ತಾಯೀ, ಅವಳಿಗೆ ಬಾಯಾರಿದಾಗಲೆಲ್ಲ ಕಾದಾರಿದ ನೀರನ್ನು ಹೊಟ್ಟೆ ತುಂಬ ಕೊಡಿ, ತಲೆನೋವು ಎರಡನೆಯ ದಿನಕ್ಕೂ ತಗ್ಗದೆ ಹೆಚ್ಚಿತೆಂದರೆ, ಸನ್ನಿಯೋ ಗಾಳಿಯೋ ಎಂದು ಯೋಚಿಸುತ್ತ ಕೂಡದೆ, ಕೂಸನ್ನು ನೀವು ಎತ್ತಿಕೊಂಡು ಅವಳನ್ನು ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.